ರಕ್ತನಾಳದೊಳಗಿನ ಗಂಜಿಗೆ ಯಾವ ಮದ್ದು? ಆಯ್ಕೆಯ ಮುಂದೆ ನಿಂತವರಿಗೆ ಒಂದು ಹೋಲಿಕೆ

ಕೆಲವು ತಿಂಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನ್ನ ಬಳಿಗೆ ಬರುತ್ತಿದೆ. ದಾವಣಗೆರೆಯ ಹಿರಿಯರೊಬ್ಬರಿಗೆ ಹೃದಯಾಘಾತವಾಗಿ, ಸ್ಟೆಂಟ್ ಹಾಕಿ ವರ್ಷವಾಗಿದೆ. ದಿನವೂ ಮಾತ್ರೆ ನುಂಗುತ್ತಿದ್ದರೂ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ 92ಕ್ಕೇ ನಿಂತಿದೆ. ಮಾತ್ರೆಯ ಪ್ರಮಾಣ ಹೆಚ್ಚಿಸುವುದೋ, ಇನ್ನೊಂದು ಮಾತ್ರೆ ಸೇರಿಸುವುದೋ, ಹೊರದೇಶದಲ್ಲಿರುವ ಮಗ ಹೇಳುವಂತೆ ಚುಚ್ಚುಮದ್ದಿಗೇ ಹೋಗುವುದೋ ಅವರಿಗೆ ತೋಚುತ್ತಿಲ್ಲ. ಮೈಸೂರಿನ ಶಿಕ್ಷಕಿಯೊಬ್ಬರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದ ವಾರದಲ್ಲೇ ತೊಡೆ ನೋವೆಂದು ನಿಲ್ಲಿಸಿಬಿಟ್ಟಿದ್ದಾರೆ. ಮೂರನೆಯವರು ಓದಿನ ಹಸಿವುಳ್ಳ ಒಬ್ಬ ಎಂಜಿನಿಯರ್. ಜೀವಕೋಶಗಳ ಸಾವಿನ ಬಗ್ಗೆ ಬಂದ ಸಂಶೋಧನೆಗಳನ್ನೆಲ್ಲ ಓದಿಕೊಂಡು, ‘ರೋಗದ ಬೇರು ಅಲ್ಲಿರುವಾಗ ಕೊಲೆಸ್ಟ್ರಾಲ್ ಮಾತ್ರೆ ಏಕೆ ನುಂಗಬೇಕು? ಆ ಸಾವನ್ನೇ ತಡೆಯುವ ಮದ್ದು ಇಲ್ಲವೇ?’ ಎಂದು ಕೇಳುತ್ತಾರೆ.

ಮೂವರ ಪ್ರಶ್ನೆಗೂ ಉತ್ತರ ಹುಡುಕಬೇಕಾದ ಜಾಗ ಒಂದೇ, ರಕ್ತನಾಳದ ಗೋಡೆ. ನಾನು ರೋಗಿಗಳಿಗೆ ಔಷಧಿ ಚೀಟಿ ಬರೆಯುವವಳಲ್ಲ. ರೋಗಶಾಸ್ತ್ರ ಕಲಿಸುತ್ತ, ಸೂಕ್ಷ್ಮದರ್ಶಕದ ಕೆಳಗೆ ಆ ಗೋಡೆಗಳನ್ನು ನೋಡುತ್ತ ಬಂದವಳು. ಮದ್ದು ಶುರು ಮಾಡುವ, ಬಿಡುವ, ಬದಲಿಸುವ ಮಾತು ನಿಮ್ಮ ಮತ್ತು ನಿಮ್ಮ ವೈದ್ಯರ ನಡುವಿನದು. ಆ ಮಾತಿಗೆ ನೀವು ತಯಾರಾಗಿ ಹೋಗಬೇಕೆಂಬುದು ನನ್ನ ಆಸೆ.

ಗೋಡೆಯೊಳಗೆ ಸಾಯುವವರು ಯಾರು

ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿ ದಿಬ್ಬ ಕಟ್ಟುವ ಈ ರೋಗದ ಹೆಸರು ಅಥೆರೋಸ್ಕ್ಲೆರೋಸಿಸ್. ಈ ಉದ್ದನೆಯ ಹೆಸರನ್ನು ಬಿಡಿಸಿದರೆ ಒಳಗೆ ಅಡುಗೆಮನೆಯ ಪದವೊಂದು ಸಿಗುತ್ತದೆ. ಗ್ರೀಕ್‌ನಲ್ಲಿ ‘ಅಥೆರೆ’ ಎಂದರೆ ಗಂಜಿ. ‘ಸ್ಕ್ಲೆರೋಸಿಸ್’ ಎಂದರೆ ಗಡುಸಾಗುವುದು. ಹೆಸರಿಟ್ಟವರು ಕಂಡದ್ದನ್ನೇ ಹೇಳಿದ್ದಾರೆ. ರೋಗ ಬಲಿತ ಮಹಾಪಧಮನಿಯನ್ನು ಉದ್ದಕ್ಕೆ ಸೀಳಿ ಹರಡಿದರೆ ಒಳಮೈಯಲ್ಲಿ ಹಳದಿ ದಿಬ್ಬಗಳು ಕಾಣುತ್ತವೆ. ಒಂದು ದಿಬ್ಬದ ಮೇಲೆ ಚಿಮಟಿಯ ತುದಿ ಒತ್ತಿದರೆ ತೆಳುವಾದ ಬಿಳಿ ಹೊದಿಕೆ ಹರಿದು, ಹಳಸಿದ ಗಂಜಿಯಂಥ ಮೆತ್ತನೆಯ ವಸ್ತು ಹೊರಗೆ ಬರುತ್ತದೆ. ಅದನ್ನೇ ತೆಳ್ಳಗೆ ಕೊಯ್ದು ಬಣ್ಣ ಹಾಕಿ ನೋಡಿದರೆ, ಗುಲಾಬಿ ಬಣ್ಣದ ಬಯಲಿನಲ್ಲಿ ಸೂಜಿಯಾಕಾರದ ಖಾಲಿ ಬಿರುಕುಗಳು. ಅಲ್ಲಿ ಕೊಲೆಸ್ಟ್ರಾಲ್ ಹರಳುಗಳಿದ್ದವು. ಗಾಜಿನ ಮೇಲೆ ಕೂರಿಸುವ ಮೊದಲು ಬಳಸುವ ದ್ರಾವಣಗಳಲ್ಲಿ ಕರಗಿಹೋದವು. ಸುತ್ತಮುತ್ತ ಒಂದೇ ಒಂದು ಕೋಶಕೇಂದ್ರ ಕಾಣಿಸುವುದಿಲ್ಲ. ಅಲ್ಲಿ ಇದ್ದವರೆಲ್ಲ ಸತ್ತಿದ್ದಾರೆ. ನಾವು ಅದನ್ನು ಸತ್ತ ತಿರುಳು ಎನ್ನುತ್ತೇವೆ.

ಅವರು ಸತ್ತದ್ದು ಹೇಗೆ? ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳು ನಾಳದ ಒಳಪದರಕ್ಕೆ ನುಸುಳಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅವನ್ನು ಬಾಚಿ ತೆಗೆಯಲು ಬಿಳಿ ರಕ್ತಕಣಗಳು ಒಳಗೆ ಬಂದು ಭಕ್ಷಕ ಕೋಶಗಳಾಗುತ್ತವೆ. ತಿಂದದ್ದನ್ನು ಅರಗಿಸಲಾರದೆ ಮೈತುಂಬ ಕೊಬ್ಬಿನ ಹನಿ ತುಂಬಿಕೊಂಡು ನೊರೆಕೋಶಗಳಾಗುತ್ತವೆ. ಕೊನೆಗೆ ಸಾಯುತ್ತವೆ.

ಸಾವು ತಾನಾಗಿಯೇ ಕೆಟ್ಟದ್ದಲ್ಲ. ಕೋಶಗಳಿಗೆ ಅಚ್ಚುಕಟ್ಟಾಗಿ ಸಾಯುವ ಒಂದು ಕ್ರಮವಿದೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಅದಕ್ಕೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ಮರದಿಂದ ಎಲೆ ಉದುರುವುದಕ್ಕೆ ಇರುವ ಮಾತು ಅದು. ಹಣ್ಣೆಲೆ ಉದುರದಿದ್ದರೆ ಚಿಗುರೆಲೆಗೆ ಜಾಗವಿಲ್ಲ. ಹೀಗೆ ಸತ್ತ ಕೋಶವನ್ನು ನೆರೆಯ ಭಕ್ಷಕ ಕೋಶ ಬೇಗನೆ ನುಂಗಿ ಅರಗಿಸಿಕೊಳ್ಳುತ್ತದೆ. ಈ ಕೆಲಸದ ಹೆಸರು ಎಫೆರೋಸೈಟೋಸಿಸ್. ಲ್ಯಾಟಿನ್‌ನ ಮೂಲ ಪದಕ್ಕೆ ಹೆಣವನ್ನು ಹೊತ್ತು ಸಮಾಧಿಗೆ ಒಯ್ಯುವುದು ಎಂಬ ಅರ್ಥವಿದೆ. ರೋಗದ ಮೊದಲ ಹಂತದಲ್ಲಿ ಸತ್ತವರನ್ನು ಹೊರುವವರು ಸಾಕಷ್ಟಿರುತ್ತಾರೆ, ಗೋಡೆ ಸುಮಾರಾಗಿ ಸ್ವಚ್ಛವಾಗಿರುತ್ತದೆ. ವರ್ಷಗಳು ಕಳೆದಂತೆ ಹೊರುವವರೇ ಸೋತು ಬೀಳುತ್ತಾರೆ. ಎತ್ತದೆ ಉಳಿದ ಕೋಶಗಳು ಒಡೆದು, ಒಳಗಿನ ಕೊಬ್ಬು ಮತ್ತು ಕಿಣ್ವಗಳು ಹೊರಚೆಲ್ಲಿ, ಸತ್ತ ತಿರುಳು ಬೆಳೆಯುತ್ತದೆ.

ಅಚ್ಚುಕಟ್ಟಲ್ಲದ ಸಾವುಗಳೂ ಇವೆ. ಕೊಲೆಸ್ಟ್ರಾಲ್ ಹರಳು ಕೋಶದೊಳಗಿನ ಎಚ್ಚರಿಕೆಯ ವ್ಯವಸ್ಥೆಯನ್ನು ಕೆರಳಿಸಿದಾಗ ಕೋಶಪೊರೆಯಲ್ಲಿ ರಂಧ್ರಗಳು ಬಿದ್ದು, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶ ಹೊರಚಿಮ್ಮುತ್ತದೆ. ಇದು ಪೈರಾಪ್ಟೋಸಿಸ್, ಬೆಂಕಿಯ ಸಾವು. ಒಳಗಿನ ಕೆಲವು ಪ್ರೋಟೀನುಗಳು ಸರಪಳಿಯಂತೆ ಒಂದನ್ನೊಂದು ಎಬ್ಬಿಸಿ ಕೋಶವನ್ನು ಸಿಡಿಸುವುದು ನೆಕ್ರಾಪ್ಟೋಸಿಸ್. ದಿಬ್ಬದೊಳಗೆ ರಕ್ತ ಸೋರಿ, ಅದರ ಕಬ್ಬಿಣದಿಂದ ಕೋಶಪೊರೆಯ ಕೊಬ್ಬು ಕೆಡುತ್ತ ಹೋಗಿ ಬರುವ ಸಾವು ಫೆರಾಪ್ಟೋಸಿಸ್. ಈ ಹೆಸರು ಹುಟ್ಟಿದ್ದು 2012ರಲ್ಲಿ. ಇವೆಲ್ಲದರ ಜೊತೆಗೆ, ದಿಬ್ಬದ ಮೇಲಿನ ನಾರಿನ ಹೊದಿಕೆಯನ್ನು ನೇಯುವ ಸ್ನಾಯುಕೋಶಗಳೂ ಸಾಯುತ್ತವೆ. ಹೊದಿಕೆ ತೆಳುವಾಗುತ್ತದೆ. 65 ಮೈಕ್ರಾನ್‌ಗಿಂತ, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪಕ್ಕಿಂತ, ತೆಳುವಾದ ಹೊದಿಕೆಯನ್ನು ಅಪಾಯದ ಹೊದಿಕೆ ಎಂದು ಎಣಿಸುತ್ತೇವೆ. ಅದು ಹರಿದು ಒಳಗಿನ ಗಂಜಿ ರಕ್ತವನ್ನು ಮುಟ್ಟಿದ ಕ್ಷಣದಲ್ಲಿ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಬಹಳಷ್ಟು ಹೃದಯಾಘಾತಗಳು ಹೀಗೆಯೇ ಆಗುತ್ತವೆ.

ಯಾವ ತಕ್ಕಡಿಯಲ್ಲಿ ತೂಗಬೇಕು

ಮದ್ದುಗಳನ್ನು ಹೋಲಿಸುವಾಗ ನಾನು ಐದು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು, ಈ ಸರಪಳಿಯಲ್ಲಿ ಇದು ಎಲ್ಲಿ ಕೈ ಹಾಕುತ್ತದೆ: ಎಲ್‌ಡಿಎಲ್ ಒಳಬರುವುದನ್ನು ತಡೆಯುತ್ತದೆಯೋ, ಬೆಂಕಿಯನ್ನು ಆರಿಸುತ್ತದೆಯೋ, ಸತ್ತವರನ್ನು ಎತ್ತಲು ನೆರವಾಗುತ್ತದೆಯೋ? ಎರಡನೆಯದು, ಮನುಷ್ಯರಲ್ಲಿ ಹೃದಯಾಘಾತ ಕಡಿಮೆಯಾದದ್ದು ಕಂಡಿದೆಯೋ, ಇಲಿಯಲ್ಲಿ ಮಾತ್ರವೋ? ಈ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಮೂರನೆಯದು, ನೂರು ಜನರಲ್ಲಿ ಎಷ್ಟು ಜನರಿಗೆ ಲಾಭ? ‘ಶೇಕಡಾ 15 ಕಡಿಮೆ’ ಎಂಬ ಮಾತು ನಿಮ್ಮ ಅಪಾಯ ಎಷ್ಟಿದೆ ಎಂಬುದರ ಮೇಲೆ ದೊಡ್ಡದೂ ಆಗಬಹುದು, ಚಿಕ್ಕದೂ ಆಗಬಹುದು. ನಾಲ್ಕನೆಯದು, ತೊಂದರೆ ಏನು, ಬೇರೆ ಮದ್ದುಗಳೊಡನೆ ಹೊಂದುತ್ತದೆಯೇ? ಕೊನೆಯದು, ಹತ್ತು ವರ್ಷ ನಡೆಸಿಕೊಂಡು ಹೋಗಲು ಸಾಧ್ಯವೇ? ಈ ರೋಗ ದಶಕಗಳದ್ದು. ಆರು ತಿಂಗಳಿಗೆ ಕೈ ಖಾಲಿ ಮಾಡಿಸಿ ನಿಂತುಹೋಗುವ ಮದ್ದು ಎಷ್ಟೇ ಒಳ್ಳೆಯದಾದರೂ ಆ ಮನೆಗೆ ಸಲ್ಲದು.

ಗುರಿಯ ಸಂಖ್ಯೆಯೂ ಕೈಯಲ್ಲಿರಲಿ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ ಎಲ್‌ಡಿಎಲ್ ಸಾಮಾನ್ಯರಿಗೆ 100ಕ್ಕಿಂತ, ಹೆಚ್ಚು ಅಪಾಯವಿರುವವರಿಗೆ 70ಕ್ಕಿಂತ, ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿಹೋದಂಥ ಅತಿ ಹೆಚ್ಚು ಅಪಾಯದವರಿಗೆ 55ಕ್ಕಿಂತ ಕೆಳಗಿರಬೇಕು. ದಾವಣಗೆರೆಯ ಹಿರಿಯರು ಮೂರನೆಯ ಗುಂಪಿನವರು. ಲೈಪೋಪ್ರೋಟೀನ್-ಎ (ವಂಶದಿಂದ ಬರುವ, ಎಲ್‌ಡಿಎಲ್‌ನಂಥದೇ ಕೊಬ್ಬಿನ ಕಣ) ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಅಪ್ಪನೋ ಅಣ್ಣನೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋದ ಮನೆಯವರು ಇದನ್ನು ಮುಂದೂಡಬೇಡಿ.

ಸ್ಟ್ಯಾಟಿನ್

ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಒಂದು ಬಗೆಯ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಬೇರ್ಪಡಿಸಿದರು. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ಇದು ತಗ್ಗಿಸುತ್ತದೆ. ಆಗ ಯಕೃತ್ತು ರಕ್ತದಿಂದ ಹೆಚ್ಚು ಎಲ್‌ಡಿಎಲ್ ಎಳೆದುಕೊಳ್ಳುತ್ತದೆ, ಗೋಡೆಗೆ ನುಸುಳುವ ಕಣಗಳು ಕಡಿಮೆಯಾಗುತ್ತವೆ. ತಿನ್ನಲು ಬರುವ ಕೋಶಗಳೂ, ಸಾಯುವ ಕೋಶಗಳೂ ಕಡಿಮೆಯಾಗುತ್ತವೆ. ಸತ್ತವರನ್ನು ಎತ್ತುವ ಕೆಲಸಕ್ಕೂ ಸ್ಟ್ಯಾಟಿನ್ ನೇರವಾಗಿ ನೆರವಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಮನುಷ್ಯರ ಸಾಕ್ಷ್ಯದಲ್ಲಿ ಇದರ ಹತ್ತಿರ ಯಾವುದೂ ಬರುವುದಿಲ್ಲ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಅಧ್ಯಯನ ಪ್ರಕಟವಾಯಿತು. ಸುಮಾರು ಐದೂವರೆ ವರ್ಷದಲ್ಲಿ ಸುಳ್ಳು ಮಾತ್ರೆ (ನೋಡಲು ಅಂಥದೇ, ಒಳಗೆ ಮದ್ದಿಲ್ಲ) ಪಡೆದವರಲ್ಲಿ ನೂರಕ್ಕೆ 12 ಜನ ತೀರಿಕೊಂಡಿದ್ದರು, ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ 8 ಜನ. ಆ ನಾಲ್ಕು ಜೀವಗಳ ಅಂತರ ನೋಡಿದಾಗ ವೈದ್ಯಲೋಕದ ವಾದ ಬಹುಮಟ್ಟಿಗೆ ಮುಗಿಯಿತು. ಆಮೇಲಿನ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಹೃದಯ-ರಕ್ತನಾಳ ಅವಘಡಗಳು ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕಡಿಮೆಯಾಗುತ್ತವೆ ಎಂಬ ಲೆಕ್ಕ ಗಟ್ಟಿಯಾಗಿದೆ. ಅಟೋರ್ವಾಸ್ಟ್ಯಾಟಿನ್ 40 ಅಥವಾ 80, ರೋಸುವಾಸ್ಟ್ಯಾಟಿನ್ 20 ಅಥವಾ 40 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಅರ್ಧಕ್ಕಿಳಿಸಬಲ್ಲವು. ಜನೌಷಧಿ ಕೇಂದ್ರದಲ್ಲಿ ಇವು ಬಡ ಮನೆಗೂ ಎಟಕುವ ಬೆಲೆಗೆ ಸಿಗುತ್ತವೆ.

ಇದರ ಒಂದು ಮಿತಿ ತಿಳಿದಿರಬೇಕು. ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ಲಾಭ ದುಪ್ಪಟ್ಟಾಗುವುದಿಲ್ಲ. ಪ್ರತಿ ದುಪ್ಪಟ್ಟಿಗೂ, ಮದ್ದು ಶುರು ಮಾಡುವ ಮೊದಲಿದ್ದ ಮಟ್ಟದ ಸುಮಾರು ಶೇಕಡಾ 6ರಷ್ಟು ಮಾತ್ರ ಹೆಚ್ಚುವರಿ ಇಳಿಕೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ರಕ್ತದ ಸಕ್ಕರೆ ಸ್ವಲ್ಪ ಏರಬಹುದು, ಆದರೆ ಹೃದಯಕ್ಕೆ ಸಿಗುವ ಲಾಭ ಅದನ್ನು ಮೀರುತ್ತದೆ. ಗರ್ಭಿಣಿಯರಿಗೆ, ಗರ್ಭ ಧರಿಸಲು ಯೋಚಿಸುತ್ತಿರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಸ್ನಾಯು ನೋವಿನ ಮಾತು ಬಂದರೆ ಸ್ವಲ್ಪ ನಿಲ್ಲುತ್ತೇನೆ. ಒಳ್ಳೆಯ ಮದ್ದು ಕೈಬಿಟ್ಟುಹೋಗುವುದು ಇಲ್ಲಿಯೇ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನಕ್ಕೆ, ತೊಂದರೆಯೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರನ್ನು ಸೇರಿಸಿಕೊಂಡರು. ಪ್ರತಿಯೊಬ್ಬರಿಗೂ ಹನ್ನೆರಡು ತಿಂಗಳಿಗೆ ಹನ್ನೆರಡು ಸೀಸೆ. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಸುಳ್ಳು ಮಾತ್ರೆ, ನಾಲ್ಕು ಖಾಲಿ. ಸೀಸೆಯಲ್ಲಿರುವ ಮಾತ್ರೆ ನಿಜವೋ ಸುಳ್ಳೋ ಯಾರಿಗೂ ತಿಳಿಯದು. ದಿನದ ನೋವಿಗೆ ಅವರೇ ಅಂಕ ಹಾಕಬೇಕು. ಸ್ಟ್ಯಾಟಿನ್ ತಿಂಗಳುಗಳಲ್ಲಿ ಬಂದ ತೊಂದರೆಯ ಶೇಕಡಾ 90ರಷ್ಟು ಸುಳ್ಳು ಮಾತ್ರೆಯ ತಿಂಗಳುಗಳಲ್ಲೂ ಬಂದಿತ್ತು. ನೋವು ನಿಜವೇ, ಅದನ್ನು ಎಬ್ಬಿಸಿದ್ದು ಬಹುಪಾಲು ಮಾತ್ರೆಯ ಮೇಲಿನ ಭಯ. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್‌ಗೆ ಮರಳಿದರು. ನಿಜವಾದ ಸ್ನಾಯು ಹಾನಿ ಅಪರೂಪಕ್ಕೆ ಆಗುತ್ತದೆ. ಕಪ್ಪನೆಯ ಮೂತ್ರ, ಮೇಲೇಳಲಾರದಷ್ಟು ನಿಶ್ಶಕ್ತಿ ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರಲ್ಲಿಗೆ ಹೋಗಬೇಕು. ಉಳಿದವರು ಪ್ರಮಾಣ ಇಳಿಸಿಯೋ, ಬೇರೆ ಸ್ಟ್ಯಾಟಿನ್ ಹಿಡಿದೋ ಇನ್ನೊಮ್ಮೆ ಪ್ರಯತ್ನಿಸದೆ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೇರಿಸುವ ಮಾತ್ರೆಗಳು: ಎಜೆಟಿಮೈಬ್, ಬೆಂಪೆಡೋಯಿಕ್ ಆಮ್ಲ

ಎಜೆಟಿಮೈಬ್ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವ ಬಾಗಿಲನ್ನು ಮುಚ್ಚುತ್ತದೆ. ಸ್ಟ್ಯಾಟಿನ್ ಜೊತೆ ಸೇರಿದರೆ ಎಲ್‌ಡಿಎಲ್ ಇನ್ನೂ ಐದನೇ ಒಂದು ಪಾಲಿನಷ್ಟು ಇಳಿಯುತ್ತದೆ. 2015ರಲ್ಲಿ ಪ್ರಕಟವಾದ, 18,144 ಜನರ ಅಧ್ಯಯನದಲ್ಲಿ ಏಳು ವರ್ಷಕ್ಕೆ ಅವಘಡಗಳು ಶೇಕಡಾ 34.7ರಿಂದ 32.7ಕ್ಕೆ ಇಳಿದವು. ನೂರಕ್ಕೆ ಎರಡು. ದೊಡ್ಡ ಲಾಭವೆನ್ನಲಾರೆ. ಆದರೆ ಮಾತ್ರೆ ಅಗ್ಗ, ತೊಂದರೆ ಅತ್ಯಲ್ಪ, ದಿನಕ್ಕೊಂದು ನುಂಗಿದರೆ ಮುಗಿಯಿತು. ಕೊರಿಯಾದ 3,780 ರೋಗಿಗಳ ಅಧ್ಯಯನವೊಂದರಲ್ಲಿ ಮಧ್ಯಮ ಪ್ರಮಾಣದ ರೋಸುವಾಸ್ಟ್ಯಾಟಿನ್ ಜೊತೆ ಎಜೆಟಿಮೈಬ್ ಕೊಟ್ಟದ್ದು, ಹೆಚ್ಚು ಪ್ರಮಾಣದ ರೋಸುವಾಸ್ಟ್ಯಾಟಿನ್ ಒಂದನ್ನೇ ಕೊಟ್ಟದ್ದಕ್ಕೆ ಕಡಿಮೆಯೇನೂ ಆಗಲಿಲ್ಲ. ದೊಡ್ಡ ಪ್ರಮಾಣ ಒಗ್ಗದವರಿಗೆ ಇದು ನೆಮ್ಮದಿಯ ದಾರಿ.

ಬೆಂಪೆಡೋಯಿಕ್ ಆಮ್ಲ ಕೆಲಸ ಮಾಡುವುದು ಸ್ಟ್ಯಾಟಿನ್ ಮಾಡುವ ದಾರಿಯಲ್ಲೇ, ಒಂದು ಮೆಟ್ಟಿಲು ಮೇಲೆ. ಇದನ್ನು ಚುರುಕುಗೊಳಿಸುವ ಕಿಣ್ವ ಯಕೃತ್ತಿನಲ್ಲಿದೆ, ಸ್ನಾಯುವಿನಲ್ಲಿಲ್ಲ. ಅದಕ್ಕೇ ಸ್ಟ್ಯಾಟಿನ್ ಒಗ್ಗದವರಿಗೆ ಹೇಳಿಮಾಡಿಸಿದಂತಿದೆ. ಅಂಥ 13,970 ಜನರ ಅಧ್ಯಯನದಲ್ಲಿ, 2023ರಲ್ಲಿ ಬಂದ ಫಲಿತಾಂಶದಂತೆ, ಅವಘಡಗಳು ಶೇಕಡಾ 13.3ರಿಂದ 11.7ಕ್ಕೆ ಇಳಿದವು. ಗೌಟ್ ಎಂಬ ಕೀಲುನೋವಿನ ಕಾಯಿಲೆ ಇರುವವರು, ಪಿತ್ತಕೋಶದಲ್ಲಿ ಕಲ್ಲು ಇರುವವರು ಮೊದಲೇ ಹೇಳಿಕೊಳ್ಳಬೇಕು. ಇವೆರಡೂ ಈ ಮಾತ್ರೆಯಿಂದ ಹೆಚ್ಚಿದ್ದು ಕಂಡಿದೆ.

ಚುಚ್ಚುಮದ್ದು

ಯಕೃತ್ತಿನ ಮೇಲೆ ಎಲ್‌ಡಿಎಲ್ ಹಿಡಿಯುವ ಕೈಗಳಿವೆ. ಪಿಸಿಎಸ್‌ಕೆ9 ಎಂಬ ಪ್ರೋಟೀನು ಆ ಕೈಗಳನ್ನು ನಾಶಮಾಡುತ್ತದೆ. ಇವೊಲೊಕುಮ್ಯಾಬ್, ಅಲಿರೊಕುಮ್ಯಾಬ್ ಎಂಬ ಚುಚ್ಚುಮದ್ದುಗಳು ಆ ಪ್ರೋಟೀನನ್ನು ಕಟ್ಟಿಹಾಕಿ ಎಲ್‌ಡಿಎಲ್ ಅನ್ನು ಶೇಕಡಾ 60ರಷ್ಟು ಇಳಿಸುತ್ತವೆ. 2017ರಲ್ಲಿ ಪ್ರಕಟವಾದ, 27,564 ರೋಗಿಗಳ ಅಧ್ಯಯನದಲ್ಲಿ ಇವೊಲೊಕುಮ್ಯಾಬ್ ಪಡೆದವರಲ್ಲಿ ಅವಘಡ ಶೇಕಡಾ 9.8, ಪಡೆಯದವರಲ್ಲಿ 11.3. ಇದು ಎರಡು ವರ್ಷ ಚಿಲ್ಲರೆ ಅವಧಿಯ ಲೆಕ್ಕ.

ನನ್ನಂಥ ಗೋಡೆ ನೋಡುವವಳಿಗೆ ಇನ್ನೂ ಮುಖ್ಯವೆನಿಸಿದ್ದು ಬೇರೆ. ಹೃದಯಾಘಾತದ ನಂತರ ಸ್ಟ್ಯಾಟಿನ್ ಜೊತೆ ಇವೊಲೊಕುಮ್ಯಾಬ್ ಕೊಟ್ಟು, ನಾಳದೊಳಗೆ ಬೆಳಕಿನ ತಂತು ತೂರಿಸಿ ಅಳೆದಾಗ, ನಾರಿನ ಹೊದಿಕೆ ಸ್ಟ್ಯಾಟಿನ್ ಒಂದೇ ಪಡೆದವರಿಗಿಂತ ಹೆಚ್ಚು ದಪ್ಪವಾಗಿತ್ತು. ಹೊದಿಕೆಯ ದಪ್ಪ ಸ್ಟ್ಯಾಟಿನ್ ಒಂದರಿಂದ ಸುಮಾರು 21 ಮೈಕ್ರಾನ್ ಹೆಚ್ಚಿತ್ತು, ಎರಡೂ ಸೇರಿ ಸುಮಾರು 43. ಅಪಾಯದ ಗೆರೆ 65 ಎಂಬುದನ್ನು ನೆನೆದರೆ ಈ ಅಂತರದ ಬೆಲೆ ತಿಳಿಯುತ್ತದೆ. ಎಂಜಿನಿಯರ್ ಗೆಳೆಯರಿಗೆ ನಾನು ತೋರಿಸಬಯಸುವ ಸಾಕ್ಷ್ಯ ಇದು. ಕೋಶಗಳ ಸಾವನ್ನು ನೇರವಾಗಿ ಮುಟ್ಟದೆ, ಎಲ್‌ಡಿಎಲ್ ಒಳಬರುವುದನ್ನು ತಗ್ಗಿಸಿದ್ದಕ್ಕೇ ಗೋಡೆ ತನ್ನನ್ನು ತಾನು ದುರಸ್ತಿ ಮಾಡಿಕೊಂಡಿತು.

ತೊಂದರೆ ಬೆಲೆಯದು. ತಿಂಗಳಿಗೆ ಸಾವಿರಾರು ರೂಪಾಯಿ, ವರ್ಷಗಟ್ಟಲೆ. ಇನ್‌ಕ್ಲಿಸಿರಾನ್ ಎಂಬ ಹೊಸ ಚುಚ್ಚುಮದ್ದು ಮೊದಲ ಎರಡು ಡೋಸ್‌ಗಳ ನಂತರ ಆರು ತಿಂಗಳಿಗೊಮ್ಮೆ ಸಾಕು; ಎಲ್‌ಡಿಎಲ್ ಅರ್ಧದಷ್ಟು ಇಳಿಯುತ್ತದೆ. ಮಾತ್ರೆ ಮರೆಯುವವರಿಗೆ ದೊಡ್ಡ ಅನುಕೂಲ. ಆದರೆ ನಮ್ಮ ದೇಶದಲ್ಲಿ ಅದರ ಖರ್ಚು ಲಕ್ಷದ ಲೆಕ್ಕದ್ದು, ಹೃದಯಾಘಾತದ ಲೆಕ್ಕದಲ್ಲಿ ಅದರ ಸಾಕ್ಷ್ಯ ಇವೊಲೊಕುಮ್ಯಾಬ್‌ನಷ್ಟು ಹಳೆಯದಲ್ಲ. ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ವಿಪರೀತವಾಗಿರುವ ವಂಶದವರಿಗೆ ಮತ್ತು ಎರಡು ಮಾತ್ರೆ ಸೇರಿಸಿಯೂ ಗುರಿ ಮುಟ್ಟದ ಹೃದ್ರೋಗಿಗಳಿಗೆ ಚುಚ್ಚುಮದ್ದು ತಕ್ಕದ್ದು. ಸ್ಟ್ಯಾಟಿನ್ ಸರಿಯಾಗಿ ನುಂಗಿಯೇ ನೋಡದವರಿಗೆ ಇದು ಮೊದಲ ಆಯ್ಕೆಯಲ್ಲ.

ಬೆಂಕಿ ಆರಿಸುವ ದಾರಿ: ಕಾಲ್ಚಿಸಿನ್

ಪೈರಾಪ್ಟೋಸಿಸ್‌ನಿಂದ ಚಿಮ್ಮುವ ಸಂದೇಶವನ್ನೇ ತಡೆದರೆ? 2017ರಲ್ಲಿ 10,061 ರೋಗಿಗಳ ಅಧ್ಯಯನ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಇಂಟರ್‌ಲ್ಯೂಕಿನ್-1 ಬೀಟಾವನ್ನು ಹಿಡಿಯುವ ಕೆನಕಿನುಮ್ಯಾಬ್ ಕೊಟ್ಟಾಗ, ಎಲ್‌ಡಿಎಲ್ ಕದಲದೆಯೇ, ಮಧ್ಯದ ಪ್ರಮಾಣದಲ್ಲಿ ಅವಘಡಗಳು ಶೇಕಡಾ 15ರಷ್ಟು ಕಡಿಮೆಯಾದವು. ಉರಿಯೂತ ಬರೀ ಹೊಗೆಯಲ್ಲ, ಬೆಂಕಿಯೇ ಎಂದು ಮನುಷ್ಯರಲ್ಲೇ ರುಜುವಾತಾಯಿತು. ಆದರೆ ಜೀವಕ್ಕೆರವಾಗುವ ಸೋಂಕುಗಳು ಹೆಚ್ಚಿದವು, ಬೆಲೆಯೂ ಅಪಾರ. ಹೃದಯದ ಮದ್ದಾಗಿ ಅದು ಬಳಕೆಗೆ ಬರಲಿಲ್ಲ.

ಆ ಜಾಗಕ್ಕೆ ಬಂದದ್ದು ಕಾಲ್ಚಿಸಿನ್, ಗೌಟಿಗೆ ಕೊಡುವ ಹಳೆಯ, ಅಗ್ಗದ ಮಾತ್ರೆ. ಮಲೆನಾಡಿನ ಬೇಲಿಗಳ ಮೇಲೆ ಗೌರಿಹಬ್ಬದ ಹೊತ್ತಿಗೆ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿ ಹೂವನ್ನು, ಅಗ್ನಿಶಿಖೆಯನ್ನು, ನೋಡಿದ್ದೀರಲ್ಲ? ಅದರ ಗೆಡ್ಡೆಯಲ್ಲಿ, ಬೀಜದಲ್ಲಿ ಇರುವುದು ಇದೇ ರಾಸಾಯನಿಕ. ಗೆಡ್ಡೆ ತಿಂದು ಸತ್ತವರಿದ್ದಾರೆ; ಮನೆಮದ್ದೆಂದು ಯಾರೂ ಅದರ ತಂಟೆಗೆ ಹೋಗಬಾರದು. ಮಾತ್ರೆಯಲ್ಲಿರುವುದು ದಿನಕ್ಕೆ ಅರ್ಧ ಮಿಲಿಗ್ರಾಂ. ಅದು ಕೋಶದೊಳಗಿನ ಸೂಕ್ಷ್ಮ ನಳಿಗೆಗಳಿಗೆ ತಡೆಯೊಡ್ಡಿ ಎಚ್ಚರಿಕೆಯ ವ್ಯವಸ್ಥೆ ಜೋಡಣೆಯಾಗದಂತೆ ನೋಡಿಕೊಳ್ಳುತ್ತದೆ.

ಸಾಕ್ಷ್ಯ ಇಲ್ಲಿ ಎರಡು ದಿಕ್ಕಿಗೆ ಎಳೆಯುತ್ತದೆ. 2020ರಲ್ಲಿ 5,522 ಸ್ಥಿರ ಹೃದ್ರೋಗಿಗಳಲ್ಲಿ ಅವಘಡಗಳು ಶೇಕಡಾ 9.6ರಿಂದ 6.8ಕ್ಕೆ ಇಳಿದವು, ಇದು ಸಣ್ಣ ಲಾಭವಲ್ಲ. ಅದಕ್ಕೂ ಮೊದಲು, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯಾಘಾತವಾದ 4,745 ಜನರಲ್ಲೂ ಲಾಭ ಕಂಡಿತ್ತು. ಆದರೆ 2024ರಲ್ಲಿ, ಹೃದಯಾಘಾತವಾದ ಕೂಡಲೇ ಮಾತ್ರೆ ಶುರು ಮಾಡಿದ 7,062 ಜನರ ದೊಡ್ಡ ಅಧ್ಯಯನದಲ್ಲಿ ಯಾವ ಲಾಭವೂ ಕಾಣಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲೇ ಹೃದಯಕ್ಕೆಂದು ಇದಕ್ಕೆ ಅನುಮತಿ ಕೊಟ್ಟಿದೆ. ನನ್ನ ತೀರ್ಮಾನ ಹೀಗಿದೆ: ಎಲ್‌ಡಿಎಲ್ ಗುರಿ ಮುಟ್ಟಿದ ಮೇಲೂ ಉರಿಯೂತದ ಸೂಚಕವಾದ ಸಿಆರ್‌ಪಿ ಮೇಲೆಯೇ ಉಳಿದ, ಕಿಡ್ನಿ ಚೆನ್ನಾಗಿರುವ ಸ್ಥಿರ ರೋಗಿ ವೈದ್ಯರೊಡನೆ ಇದರ ಮಾತು ಎತ್ತಬಹುದು. ಕಿಡ್ನಿ ಕೆಟ್ಟವರಿಗೆ ಇದು ವಿಷವಾಗಬಹುದು. ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆ ಸೇರಿದರೆ ಅಪಾಯ. ಕೆಮ್ಮಿಗೆಂದು ಬೇರೆ ವೈದ್ಯರ ಬಳಿ ಹೋದಾಗಲೂ ಈ ಮಾತ್ರೆಯ ಹೆಸರು ಹೇಳಲು ಮರೆಯಬೇಡಿ. ಹೊಟ್ಟೆ ಕೆಡುವುದು ಸಾಮಾನ್ಯ.

ಸಾವನ್ನೇ ಗುರಿಯಾಗಿಸಿದ ಮದ್ದುಗಳು

ಎಂಜಿನಿಯರ್ ಗೆಳೆಯರು ಕೇಳಿದ್ದು ಇವನ್ನೇ. ಸಾಯುತ್ತಿರುವ ಕೋಶ ಸಾಮಾನ್ಯವಾಗಿ ‘ನನ್ನನ್ನು ತಿನ್ನಬೇಡ’ ಎಂಬ ಸಿಡಿ47 ಗುರುತನ್ನು ಕಳಚಿಡುತ್ತದೆ. ಆಗ ಹೊರುವವರು ಬಂದು ಎತ್ತುತ್ತಾರೆ. ದಿಬ್ಬದೊಳಗಿನ ಕೋಶಗಳು ಸತ್ತರೂ ಆ ಗುರುತನ್ನು ಹಿಡಿದುಕೊಂಡೇ ಇರುತ್ತವೆ ಎಂದು 2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ತೋರಿಸಿದರು. ಗುರುತನ್ನು ಮುಚ್ಚುವ ಪ್ರತಿಕಾಯ ಕೊಟ್ಟಾಗ ಇಲಿಗಳ ದಿಬ್ಬ ಕುಗ್ಗಿತು. ಎಂಥ ಸುಂದರ ಉಪಾಯ! ಆದರೆ ಮುಪ್ಪಾದ ಕೆಂಪು ರಕ್ತಕಣಗಳ ಮೇಲೂ ಇದೇ ಗುರುತಿದೆ. ಮುಚ್ಚಿದರೆ ಅವೂ ನಾಶವಾಗಿ ರಕ್ತಹೀನತೆ ಬರುತ್ತದೆ. ದಿಬ್ಬದ ಭಕ್ಷಕ ಕೋಶಗಳಿಗೆ ಮಾತ್ರ ಮದ್ದು ಮುಟ್ಟಿಸುವ ನ್ಯಾನೊ ಕಣಗಳು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿವೆ. ನೆಕ್ರಾಪ್ಟೋಸಿಸ್ ತಡೆಯುವ ಅಣುಗಳ ಕತೆಯೂ ಇಷ್ಟೇ. ಈ ಸಾಲಿನ ಯಾವ ಮದ್ದೂ ರಕ್ತನಾಳದ ರೋಗಕ್ಕೆಂದು ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ. ಸಾವನ್ನು ಸಾರಾಸಗಟಾಗಿ ತಡೆಯುವುದೂ ಸರಿಯಲ್ಲ. ಉದುರಬೇಕಾದ ಎಲೆ ಉದುರದೆ ನಿಂತರೆ ಕ್ಯಾನ್ಸರಿಗೆ ದಾರಿಯಾಗಬಹುದು.

ಈ ವಿಜ್ಞಾನದ ಹೆಸರಿನಲ್ಲಿ ಮಾರಾಟವಾಗುವ ಎರಡು ವಸ್ತುಗಳ ಬಗ್ಗೆ ಎಚ್ಚರಿಸಲೇಬೇಕು. ಫೆರಾಪ್ಟೋಸಿಸ್‌ಗೆ ವಿಟಮಿನ್-ಇ ಮದ್ದೆಂಬ ಮಾತಿದೆ. ಪ್ರಯೋಗಾಲಯದ ತಟ್ಟೆಯಲ್ಲಿ ನಿಜ. ಆದರೆ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಜನರಲ್ಲಿ ನಾಲ್ಕೂವರೆ ವರ್ಷ ನಡೆಸಿದ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಕ್ಕೆ ಏನೇನೂ ಲಾಭವಾಗಲಿಲ್ಲ. ಎರಡನೆಯದು, ಆಪರೇಷನ್ ಇಲ್ಲದೆ ನಾಳ ತೊಳೆಯುತ್ತೇವೆಂದು ಡ್ರಿಪ್ ಹಾಕುವ ಕೀಲೇಷನ್ ಚಿಕಿತ್ಸೆ. ಹೃದಯಾಘಾತವಾದ ಸಾವಿರ ಮಧುಮೇಹಿಗಳಲ್ಲಿ ನಡೆಸಿ 2024ರಲ್ಲಿ ಹೊರಬಂದ ಅಧ್ಯಯನದಲ್ಲಿ ಅದು ಅವಘಡ ತಗ್ಗಿಸಲಿಲ್ಲ. ಅದಕ್ಕಾಗಿ ಹೊಲ ಅಡವಿಡಬೇಡಿ. ಕಬ್ಬಿಣದಿಂದ ಕೋಶ ಸಾಯುತ್ತದಂತೆ ಎಂದು ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಟ್ಟ ಹೆಣ್ಣುಮಗಳೊಬ್ಬಳನ್ನು ನಾನೇ ಕಂಡಿದ್ದೇನೆ. ದಿಬ್ಬದೊಳಗೆ ಸೋರಿದ ರಕ್ತದ ಕಬ್ಬಿಣಕ್ಕೂ ನೀವು ನುಂಗುವ ಮಾತ್ರೆಗೂ ಆ ಬಗೆಯ ಸಂಬಂಧ ಕಟ್ಟಬಾರದು.

ಸ್ಟೆಂಟ್ ಬಗ್ಗೆ ಎರಡೇ ಮಾತು. ಹೃದಯಾಘಾತ ಆಗುತ್ತಿರುವಾಗ ಅದು ಜೀವ ಉಳಿಸುತ್ತದೆ. ಸ್ಥಿರ ರೋಗದಲ್ಲಿ ಎದೆನೋವು ತಗ್ಗಿಸುತ್ತದೆ, ಆದರೆ 2020ರಲ್ಲಿ ಬಂದ 5,179 ಜನರ ಅಧ್ಯಯನದಂತೆ ಒಳ್ಳೆಯ ಮದ್ದಿಗಿಂತ ಹೆಚ್ಚು ಜೀವ ಉಳಿಸುವುದಿಲ್ಲ. ಅದು ಒಂದು ಇಕ್ಕಟ್ಟನ್ನು ಹಿಗ್ಗಿಸುತ್ತದೆ. ಗಂಜಿ ತುಂಬಿದ ಬೇರೆ ದಿಬ್ಬಗಳು ಇದ್ದಲ್ಲೇ ಇರುತ್ತವೆ. ಬೀಡಿ ಸಿಗರೇಟು ಬಿಡುವುದು ಇವೆಲ್ಲಕ್ಕಿಂತ ಅಗ್ಗ. ಅದನ್ನು ಬಿಡದೆ ಚುಚ್ಚುಮದ್ದಿನ ಬೆಲೆ ವಿಚಾರಿಸುವುದರಲ್ಲಿ ಅರ್ಥವಿಲ್ಲ.

ಯಾರಿಗೆ ಯಾವುದು

ದಾವಣಗೆರೆಯ ಹಿರಿಯರ 92ಕ್ಕೆ ಲೆಕ್ಕ ಹಾಕೋಣ. ಈಗ ನುಂಗುತ್ತಿರುವ ಅಟೋರ್ವಾಸ್ಟ್ಯಾಟಿನ್ ಅನ್ನು 40ರಿಂದ 80ಕ್ಕೆ ಏರಿಸಿದರೆ ಎಂಬತ್ತರ ಆಚೀಚೆ ಬರಬಹುದು. ಪ್ರಮಾಣ ಏರಿಸದೆ ಎಜೆಟಿಮೈಬ್ ಸೇರಿಸಿದರೆ ಎಪ್ಪತ್ತರ ಹತ್ತಿರ. ಎರಡನ್ನೂ ಮಾಡಿದರೆ ಅರವತ್ತರ ಸುತ್ತ. ಚುಚ್ಚುಮದ್ದು ಸೇರಿಸಿದರೆ ನಲವತ್ತಕ್ಕೂ ಕೆಳಗೆ. ಅವರ ಗುರಿ 55. ಪಿಂಚಣಿಯಲ್ಲಿ ಬದುಕುವ ಮನೆ. ಮೊದಲು ಎಜೆಟಿಮೈಬ್, ಆರರಿಂದ ಎಂಟು ವಾರದ ಮೇಲೆ ಮರುಪರೀಕ್ಷೆ, ಬೇಕಾದರೆ ಸ್ಟ್ಯಾಟಿನ್ ಏರಿಕೆ. ಅಷ್ಟಾದರೂ ಗುರಿ ದೂರವಿದ್ದರೆ ಬೆಂಪೆಡೋಯಿಕ್ ಆಮ್ಲ. ಮಗ ವರ್ಷಗಟ್ಟಲೆ ಖರ್ಚು ಹೊರುವುದು ನಿಜವೇ ಆದರೆ ಚುಚ್ಚುಮದ್ದಿನ ಮಾತು ಅಲ್ಲಿಂದ ಮುಂದೆ. ಒಂದೆರಡು ತಿಂಗಳು ಕಳಿಸಿ ನಿಲ್ಲಿಸುವುದಾದರೆ ಬೇಡ. ಬಿಟ್ಟ ಕೆಲವು ವಾರಗಳಲ್ಲಿ ಎಲ್‌ಡಿಎಲ್ ಹಿಂದಿದ್ದಲ್ಲಿಗೇ ಮರಳುತ್ತದೆ.

ಮೈಸೂರಿನ ಶಿಕ್ಷಕಿಗೆ ಸಕ್ಕರೆ ಕಾಯಿಲೆಯಿದೆ, ಹೃದಯಾಘಾತವಾಗಿಲ್ಲ. ಅವರು ಸಿಕೆ ಎಂಬ ಸ್ನಾಯುಕಿಣ್ವದ ಪರೀಕ್ಷೆ ಮಾಡಿಸಲಿ, ಥೈರಾಯ್ಡ್ ಕೂಡ ನೋಡಿಸಲಿ. ಥೈರಾಯ್ಡ್ ಕಡಿಮೆಯಿದ್ದರೂ ಸ್ನಾಯು ನೋಯುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ. ಎಲ್ಲ ಸರಿಯಿದ್ದರೆ ರೋಸುವಾಸ್ಟ್ಯಾಟಿನ್ 5 ಮಿಲಿಗ್ರಾಂನಿಂದ ಮತ್ತೆ ಶುರು ಮಾಡಿ, ನೋವಿಗೆ ದಿನದಿನದ ಅಂಕ ಬರೆದಿಡಲಿ. ಆಗಲೂ ಒಗ್ಗದಿದ್ದರೆ ಎಜೆಟಿಮೈಬ್ ಮತ್ತು ಬೆಂಪೆಡೋಯಿಕ್ ಆಮ್ಲದ ಜೋಡಿ ಇದೆ.

ಎಂಜಿನಿಯರ್ ಗೆಳೆಯರಿಗೆ 46 ವರ್ಷ, ಎಲ್‌ಡಿಎಲ್ 158, ಬಿಪಿ ಇದೆ, ತಂದೆಗೆ 50ರಲ್ಲಿ ಹೃದಯಾಘಾತವಾಗಿತ್ತು. ಹೊರುವವರನ್ನು ಬಲಪಡಿಸುವ ಮದ್ದು ಬರುವವರೆಗೆ ಸಾಯುವವರ ಸಂಖ್ಯೆ ತಗ್ಗಿಸುವ ಮದ್ದು ಅವರ ಬೀದಿಯ ಅಂಗಡಿಯಲ್ಲೇ ಇದೆ. ಅವರು ಮೊದಲು ಮಾಡಿಸಬೇಕಾದದ್ದು ಲೈಪೋಪ್ರೋಟೀನ್-ಎ ಪರೀಕ್ಷೆ. ಆ ವರದಿಯನ್ನೂ ತಂದೆಯ ಹಳೆಯ ಕಡತವನ್ನೂ ಹಿಡಿದು, ಸ್ಟ್ಯಾಟಿನ್ ಎಷ್ಟು ಪ್ರಮಾಣದಲ್ಲಿ ಶುರು ಮಾಡಬೇಕೆಂದು ಈ ತಿಂಗಳಲ್ಲೇ ವೈದ್ಯರನ್ನು ಕೇಳಲಿ.